ಕಂದಾಯವಿಲ್ಲದ ಹತ್ತು ವರ್ಷ

ಹೋದ ಬೇಸಿಗೆ ರಜೆಯಲ್ಲಿ ಲಂಡನ್ನಿನ ಮಗಳ ಮನೆಗೆ ಹೋಗಿದ್ದೆ. ಅಲ್ಲಿನ ಡಾಕ್‌ಲ್ಯಾಂಡ್ಸ್ ಪ್ರದೇಶಕ್ಕೆ ಹೋಗುವ ಪುಟ್ಟ ರೈಲಿಗೆ ಚಾಲಕನೇ ಇಲ್ಲ. ಮುಂದಿನ ಸೀಟಿನಲ್ಲಿ ಮಕ್ಕಳ ಹಾಗೆ ಕುಳಿತು ಕ್ಯಾನರಿ ವಾರ್ಫಿನ ಗಾಜಿನ ಗೋಪುರಗಳನ್ನು ನೋಡುತ್ತಿದ್ದಾಗ ನನಗೆ ನೆನಪಾದದ್ದು ದಾವಣಗೆರೆ.

ಅಪ್ಪ ಅಲ್ಲಿ ಬಟ್ಟೆ ಮಿಲ್ಲಿನಲ್ಲಿದ್ದರು. ನಾನು ಬಿ.ಎಡ್. ಓದುತ್ತಿದ್ದಾಗ ಮಿಲ್ಲು ಮುಚ್ಚಿತು. ಸೈರನ್ ನಿಂತ ಮೇಲೂ ಅವ್ವ ಎಷ್ಟೋ ದಿನ ಅದೇ ಹೊತ್ತಿಗೆ ಎದ್ದು ಬುತ್ತಿಗೆಂದು ರೊಟ್ಟಿ ತಟ್ಟುತ್ತಿದ್ದಳು.

ಈ ಗೋಪುರಗಳ ಜಾಗದಲ್ಲೂ ಹಿಂದೆ ಮೈಮುರಿದು ದುಡಿಯುವವರಿದ್ದರು. 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್ ಎಂಬ ಹಡಗುಕಟ್ಟೆಯಲ್ಲಿ, ಗುಲಾಮರು ಬೆವರು ಸುರಿಸಿ ಬೆಳೆದ ಸಕ್ಕರೆ ಬಂದಿಳಿಯುತ್ತಿತ್ತು. ಕಾಲ ಬದಲಾಗಿ ಸರಕೆಲ್ಲ ಕಂಟೇನರುಗಳಲ್ಲಿ ಬರತೊಡಗಿತು. ಆ ದೊಡ್ಡ ಹಡಗುಗಳಿಗೆ ಹಳೆಯ ಕಟ್ಟೆ ಸಾಲದೆ ವ್ಯಾಪಾರ ಸಮುದ್ರದ ಕಡೆಯ ಟಿಲ್ಬರಿಗೆ ಸರಿಯಿತು. 1980ರಲ್ಲಿ ಕಟ್ಟೆ ಮುಚ್ಚಿತು.

ಪಾಳುಬಿದ್ದ ಆ ಜಾಗವನ್ನು ಥ್ಯಾಚರ್ ಸರ್ಕಾರ 1982ರಲ್ಲಿ ಉದ್ಯಮ ವಲಯವೆಂದು ಸಾರಿತು. ಅಲ್ಲಿನ ಉದ್ಯಮಗಳು ಹತ್ತು ವರ್ಷ ಸ್ಥಳೀಯ ಕಂದಾಯ ಕೊಡಬೇಕಾಗಿರಲಿಲ್ಲ. ಕಟ್ಟಡಕ್ಕೆ ತಗಲಿದ ಖರ್ಚನ್ನು ಪೂರ್ತಿ ಲಾಭದಲ್ಲಿ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ. ಕಂದಾಯವೆಂದರೆ ನಾವು ನೀವು ಪಾಲಿಕೆಗೆ ಕಟ್ಟುವಂಥದ್ದೇ. ಸ್ಥಳೀಯ ಆಡಳಿತಕ್ಕೆ ಹೀಗೆ ತಪ್ಪಿದ ಹಣವನ್ನು ಕೇಂದ್ರದ ಖಜಾನೆ ತುಂಬಿಕೊಟ್ಟಿತು. ಖಜಾನೆಯ ಹಣ ಯಾರದು? ಒಬ್ಬರಿಗೆ ಬಿಟ್ಟ ತೆರಿಗೆಯನ್ನು ಇನ್ನೊಬ್ಬರು ಎಲ್ಲೋ ಕಟ್ಟಿರುತ್ತಾರೆ.

ರಿಯಾಯಿತಿಯ ಆಸೆಗೆ ಕಟ್ಟಡಗಳೇನೋ ಎದ್ದವು. ಜನ ಬರಬೇಕಲ್ಲ? 1987ರಲ್ಲಿ ಸುಮಾರು 7 ಕೋಟಿ 70 ಲಕ್ಷ ಪೌಂಡ್ ಖರ್ಚಿನಲ್ಲಿ ನಾನು ಕುಳಿತಿದ್ದ ಈ ರೈಲು ಬಂತು. ಅಷ್ಟು ದೊಡ್ಡ ಕನಸಿಗೆ ಅದು ತೀರಾ ಚಿಕ್ಕದು. 1991ರಲ್ಲಿ 50 ಅಂತಸ್ತಿನ ಗೋಪುರ ಮುಗಿಯುವ ಹೊತ್ತಿಗೆ ವ್ಯಾಪಾರವೂ ಕುಸಿದಿತ್ತು. ಕಚೇರಿಗಳು ಖಾಲಿ ಉಳಿದವು. ಮರುವರ್ಷವೇ ಅದನ್ನು ಕಟ್ಟಿಸಿದ ಕೆನಡಾದ ಒಲಿಂಪಿಯಾ ಅಂಡ್ ಯಾರ್ಕ್ ಕಂಪನಿ ದಿವಾಳಿಯಾಯಿತು. ಮುಂದೆ ಕಾಲ ಸುಧಾರಿಸಿ, 1999ರಲ್ಲಿ ಜುಬಿಲಿ ಮಾರ್ಗದ ದೊಡ್ಡ ರೈಲೂ ಬಂದ ಮೇಲೆ ಕ್ಯಾನರಿ ವಾರ್ಫ್ ಗಟ್ಟಿಯಾಗಿ ನೆಲೆಯೂರಿತು.

"ಕೊನೆಗೆ ಒಳ್ಳೆಯದೇ ಆಯ್ತಲ್ಲಮ್ಮ?" ಎಂದಳು ಮಗಳು. ಹೌದೆನ್ನದೆ ಏನು ಮಾಡಲಿ? ಅವಳ ಸಂಬಳ ಬರುವುದೂ ಅಲ್ಲಿಂದಲೇ. ಆದರೆ ಬೆನ್ನ ಮೇಲೆ ಮೂಟೆ ಹೊತ್ತವರಿಗೆ ಬ್ಯಾಂಕಿನ ಕುರ್ಚಿ ಸಿಗುವುದು ಸುಲಭವಲ್ಲ. ಹೊಸ ಕೆಲಸಗಳಿಗೆ ಓದಿದವರು ಬೇರೆ ಕಡೆಯಿಂದ ರೈಲು ಹತ್ತಿ ಬಂದರು.

ಊರಿಗೆ ಮರಳಿದ ಮೇಲೆ ಒಂದು ಸಂಜೆ ಅಪ್ಪನ ಮಿಲ್ಲಿನ ದಾರಿಯಲ್ಲಿ ನಡೆದು ಬಂದೆ. ನಾಳೆ ಇಂಥ ಜಾಗಕ್ಕೆ ಯಾರಾದರೂ ರಿಯಾಯಿತಿಯ ಯೋಜನೆ ತಂದರೆ, ಎಷ್ಟು ಅಂತಸ್ತು ಎಂದು ಕೇಳುವ ಮೊದಲು, ಅಲ್ಲಿಗೆ ಯಾರ ಮನೆಯ ಬುತ್ತಿ ಹೋಗುತ್ತದೆ ಎಂದು ಕೇಳಬೇಕು ಅನಿಸಿತು.