ಚಟುವಟಿಕೆ ಚಿಕಿತ್ಸೆ

ಕುಗ್ಗಿದ ಮನಸ್ಸನ್ನು ಮಾತಿನಿಂದ ಎತ್ತಲು ಹೋಗದೆ, ದಿನಚರಿಯನ್ನು ಸ್ವಲ್ಪಸ್ವಲ್ಪವಾಗಿ ಬದಲಿಸಿ ಆ ಮೂಲಕ ಉತ್ಸಾಹವನ್ನೂ ನೆಮ್ಮದಿಯನ್ನೂ ಮರಳಿ ಪಡೆಯುವ ಮನೋವೈಜ್ಞಾನಿಕ ವಿಧಾನ. ಆಪ್ತಸಮಾಲೋಚಕರು ಇದನ್ನು ಬಿಹೇವಿಯರಲ್ ಆಕ್ಟಿವೇಶನ್ ಎಂದೇ ಕರೆಯುವುದುಂಟು. 1970ರ ದಶಕದಲ್ಲಿ ಅಮೆರಿಕದಲ್ಲಿ ಖಿನ್ನತೆಯ ಚಿಕಿತ್ಸೆಯಾಗಿ ಹುಟ್ಟಿದ ಇದನ್ನು ಈಗ ಯಾವ ಕಾಯಿಲೆಯೂ ಇಲ್ಲದವರು ಕೂಡ ಕಲಿತು ಬಳಸುತ್ತಾರೆ. ಮನಸ್ಸು ಬಂದಾಗ ಮಾಡಿದರಾಯಿತು ಎನ್ನುವುದು ಎಲ್ಲರ ರೂಢಿ. ಈ ವಿಧಾನ ಅದನ್ನು ತಿರುವಿಹಾಕುತ್ತದೆ: ಕೆಲಸ ಮೊದಲು, ಮನಸ್ಸು ಅದರ ಹಿಂದೆ.

ಮೂಲ ವಿಚಾರವನ್ನು ಮುಂದಿಟ್ಟವರಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಫರ್ಸ್ಟರ್ ಮೊದಲಿಗರು. ಖಿನ್ನರಾದವರು ಯಾವ ಯಾವ ಕೆಲಸಗಳನ್ನು ಬಿಟ್ಟಿದ್ದಾರೆ, ಏನನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದಾರೆ ಎಂಬುದರ ಕಡೆಗೆ 1973ರ ಅವರ ಲೇಖನ ಗಮನ ಸೆಳೆಯಿತು. ಅದೇ ಕಾಲದಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಪೀಟರ್ ಲೆವಿನ್‌ಸನ್ ಮತ್ತು ಸಂಗಡಿಗರು 320 ಹಿತಕರ ಸಂಗತಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಹಳ್ಳಿಗಾಡಿನಲ್ಲಿ ಸಮಯ ಕಳೆಯುವುದು, ಒಳ್ಳೆಯ ಬಟ್ಟೆ ತೊಡುವುದು, ಆಟೋಟದ ಬಗ್ಗೆ ಹರಟುವುದು, ಹೀಗೆ. ಕಳೆದ ಒಂದು ತಿಂಗಳಲ್ಲಿ ಇವುಗಳಲ್ಲಿ ಯಾವುದನ್ನು ಎಷ್ಟು ಸಲ ಮಾಡಿದಿರಿ, ಅದರಿಂದ ಎಷ್ಟು ಹಿತವಾಯಿತು ಎಂದು ಗುರುತು ಹಾಕಬೇಕು. ಪಟ್ಟಿ ಅಪ್ಪಟ ಅಮೆರಿಕದ್ದು. ನಮ್ಮಲ್ಲಿ ಯಾರಾದರೂ ಬರೆದಿದ್ದರೆ ಸಂತೆ, ಭಜನೆ, ಜಾತ್ರೆ, ತವರಿಗೆ ಹೋಗಿಬರುವುದು ಮೇಲಿನ ಸಾಲುಗಳಲ್ಲೇ ಇರುತ್ತಿದ್ದವು. ಆದರೆ ಪಟ್ಟಿಯ ಹಿಂದಿನ ತರ್ಕ ಎಲ್ಲ ಊರಿಗೂ ಸಲ್ಲುವಂಥದು: ಹಿತ ಕೊಡುವ ಸಂಗತಿಗಳು ದಿನದಿಂದ ಒಂದೊಂದಾಗಿ ಉದುರಿಹೋದಾಗ ಬದುಕು ಸಪ್ಪೆಯಾಗುತ್ತದೆ, ಸಪ್ಪೆಯಾದಷ್ಟೂ ಉಳಿದವನ್ನು ಮಾಡುವ ಮನಸ್ಸಾಗುವುದಿಲ್ಲ.

ಮನೋವೈದ್ಯ ಆರನ್ ಬೆಕ್ ಖಿನ್ನತೆಯ ಚಿಕಿತ್ಸೆ ಕುರಿತ 1979ರ ತಮ್ಮ ಗ್ರಂಥದಲ್ಲಿ ಚಟುವಟಿಕೆಯ ವೇಳಾಪಟ್ಟಿಗೆ ಜಾಗ ಕೊಟ್ಟರಾದರೂ ಅದು ಅವರಿಗೆ ಆರಂಭದ ಹಂತ ಮಾತ್ರ. ವಕ್ರವಾಗಿ ಯೋಚಿಸುವ ಅಭ್ಯಾಸವನ್ನು ತಿದ್ದುವುದೇ ಚಿಕಿತ್ಸೆಯ ತಿರುಳೆಂದು ಅವರು ನಂಬಿದ್ದರು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ನೀಲ್ ಜೇಕಬ್ಸನ್ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. 1996ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಂದು ಗುಂಪಿಗೆ ಚಟುವಟಿಕೆಯ ಭಾಗ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಯೋಚನೆ ತಿದ್ದುವ ಒಂದು ಭಾಗ, ಮೂರನೆಯದಕ್ಕೆ ಬೆಕ್ ಅವರ ಪೂರ್ಣ ಚಿಕಿತ್ಸೆ. ಮೂರರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ. ಎರಡು ವರ್ಷಗಳ ನಂತರ ನೋಡಿದಾಗಲೂ ಅಷ್ಟೇ. ಯೋಚನೆ ತಿದ್ದುವುದೇ ಮುಖ್ಯ ಎಂದು ನಂಬಿದವರಿಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯಲಿಲ್ಲ. 2006ರಲ್ಲಿ ಸೋನಾ ಡಿಮಿಜಿಯನ್ ಮತ್ತು ಸಹೋದ್ಯೋಗಿಗಳು 241 ಜನರ ಮೇಲೆ ನಡೆಸಿದ ಪ್ರಯೋಗ ಇನ್ನೂ ಮುಂದೆ ಹೋಯಿತು: ತೀವ್ರ ಖಿನ್ನತೆಯವರಲ್ಲಿ ಚಟುವಟಿಕೆ ಚಿಕಿತ್ಸೆ ಔಷಧಕ್ಕೆ ಸಮನಾಗಿ ನಿಂತಿತು, ಯೋಚನೆ ತಿದ್ದುವ ಚಿಕಿತ್ಸೆಗಿಂತ ಮೇಲಾಯಿತು.

ಈ ವಿಧಾನ ಮೊದಲು ಕೈಹಾಕುವುದು ತಪ್ಪಿಸಿಕೊಳ್ಳುವ ಅಭ್ಯಾಸಕ್ಕೆ. ಬೇಡವಾದ ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ. ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯಿಯೇ ಮುಂದಿನ ಸಲವೂ ಎತ್ತದಿರುವುದನ್ನು ಕಲಿಸುತ್ತದೆ. ವಾರ ಕಳೆಯುವಷ್ಟರಲ್ಲಿ ಮಾತಾಡಬೇಕಾದವರ ಸಂಖ್ಯೆ ಬೆಳೆದಿರುತ್ತದೆ, ಮುಜುಗರವೂ ಬೆಳೆದಿರುತ್ತದೆ. ಇಂಥವರನ್ನು ಸೋಮಾರಿ ಎನ್ನುವುದು ಸುಲಭ, ಉಪಯೋಗವಿಲ್ಲ. ಅವರು ನೋವಿನಿಂದ ಪಾರಾಗುವ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿದ್ದಾರೆ.

ಅಭ್ಯಾಸಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ನು. ಮೊದಲ ವಾರ ಏನನ್ನೂ ಬದಲಿಸದೆ, ಯಾವ ಹೊತ್ತಿನಲ್ಲಿ ಏನು ಮಾಡಿದೆ, ಆಗ ಮನಸ್ಸು ಹೇಗಿತ್ತು ಎಂದು ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿ ಬರೆಯಬೇಕು. ಹೊಸದಾಗಿ ನಿವೃತ್ತರಾದವರೊಬ್ಬರ ಹಾಳೆ ಹೀಗಿರಬಹುದು. ಬೆಳಿಗ್ಗೆ 9ರಿಂದ 11, ಮಂಚದ ಮೇಲೆ ಮೊಬೈಲು: 2. ಮಧ್ಯಾಹ್ನ 3, ಟೀವಿ ಮುಂದೆ ತೂಕಡಿಕೆ: 2. ಸಂಜೆ 5, ಮೊಸರು ತರಲು ಅಂಗಡಿಗೆ, ದಾರಿಯಲ್ಲಿ ಹಳೆಯ ಸಹೋದ್ಯೋಗಿ ಸಿಕ್ಕಿ ಹತ್ತು ನಿಮಿಷ ಮಾತು: 5. ರಾತ್ರಿ ಮೊಮ್ಮಗಳಿಗೆ ಲೆಕ್ಕ ಹೇಳಿಕೊಟ್ಟದ್ದು: 6. ಕೇಳಿದರೆ ಇವರು ‘ಇಡೀ ದಿನ ಬೇಜಾರು’ ಎಂದೇ ಹೇಳುತ್ತಾರೆ. ಹಾಳೆ ಬೇರೆ ಹೇಳುತ್ತಿದೆ. ಮುಂದಿನ ವಾರದ ಯೋಜನೆ ಈ 5 ಮತ್ತು 6ರ ಸುತ್ತ ಬೆಳೆಯುತ್ತದೆ.

ಯೋಜನೆಯಲ್ಲಿ ಎರಡು ಬಗೆಯ ಕೆಲಸಗಳಿರಬೇಕು: ಖುಷಿ ಕೊಡುವವು, ಮುಗಿಸಿದೆನಲ್ಲ ಎಂಬ ತೃಪ್ತಿ ಕೊಡುವವು. ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸುವುದರಲ್ಲಿ ಖುಷಿಯೇನಿಲ್ಲ. ಮುಗಿದ ಮೇಲೆ ತಲೆಯ ಭಾರ ಇಳಿಯುತ್ತದೆ. ದಿನ, ಹೊತ್ತು, ಜಾಗ ಮೊದಲೇ ಗೊತ್ತುಮಾಡಿರಬೇಕು. ‘ವ್ಯಾಯಾಮ ಶುರುಮಾಡುತ್ತೇನೆ’ ಎಂಬುದು ಯೋಜನೆಯಲ್ಲ. ‘ಮಂಗಳವಾರ ಬೆಳಿಗ್ಗೆ ಕಾಫಿ ಆದಮೇಲೆ ಬಸ್‌ಸ್ಟಾಪಿನವರೆಗೆ ನಡೆದು ಬರುತ್ತೇನೆ’ ಎಂಬುದು ಯೋಜನೆ. ಅದೂ ಆಗದಿದ್ದರೆ ಚಪ್ಪಲಿ ಮೆಟ್ಟಿ ಗೇಟಿನವರೆಗೆ. ಹೆಚ್ಚಿನವರು ಎಡವುವುದು ಇಲ್ಲೇ, ಮೊದಲ ದಿನವೇ ದೊಡ್ಡ ಸಂಕಲ್ಪ ಮಾಡಿ. ಮಾಡುವಾಗ ಮನಸ್ಸಿಲ್ಲದಿದ್ದರೂ ಸರಿ, ಮಾಡಿದ ಮೇಲೆ ಅಂಕ ಬರೆಯಬೇಕು. ತಪ್ಪಿಹೋದ ದಿನವನ್ನು ತಪ್ಪೊಪ್ಪಿಗೆಯಂತೆ ನೋಡಬೇಕಿಲ್ಲ. ಯಾಕೆ ತಪ್ಪಿತು, ಹೊತ್ತು ಸರಿಯಿರಲಿಲ್ಲವೇ, ಕೆಲಸ ದೊಡ್ಡದಾಯಿತೇ ಎಂದು ನೋಡಿ ಮತ್ತಷ್ಟು ಚಿಕ್ಕದು ಮಾಡಿದರೆ ಸಾಕು.

ಕಲಿಸಲು ಸುಲಭ ಎಂಬುದು ಈ ವಿಧಾನದ ದೊಡ್ಡ ಗುಣ. ಇಂಗ್ಲೆಂಡಿನಲ್ಲಿ 440 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಿರಿಯ ಮಾನಸಿಕ ಆರೋಗ್ಯ ಕಾರ್ಯಕರ್ತರು ಕೊಟ್ಟ ಈ ಚಿಕಿತ್ಸೆ ನುರಿತ ಚಿಕಿತ್ಸಕರು ನೀಡಿದ, ಯೋಚನೆ ತಿದ್ದುವುದನ್ನೂ ಒಳಗೊಂಡ ಅರಿವಿನ ವರ್ತನಾ ಚಿಕಿತ್ಸೆಗೆ ಕಡಿಮೆಯೇನೂ ಆಗಲಿಲ್ಲ, ಖರ್ಚು ಮಾತ್ರ ಕಡಿಮೆಯಾಯಿತು. ನಮಗೆ ಹೆಚ್ಚು ಹತ್ತಿರದ್ದು ಗೋವಾದ ಅನುಭವ. ಅಲ್ಲಿನ ಸಂಗಾತ್ ಸಂಸ್ಥೆ, ಮನೋವೈದ್ಯ ವಿಕ್ರಮ್ ಪಟೇಲ್ ಅವರ ನೇತೃತ್ವದಲ್ಲಿ, ಮನೋವಿಜ್ಞಾನ ಓದದ ಸ್ಥಳೀಯರಿಗೇ ತರಬೇತಿ ಕೊಟ್ಟು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪ್ರಯೋಗಿಸಿತು. ಒಬ್ಬೊಬ್ಬ ರೋಗಿಗೆ ಆರರಿಂದ ಎಂಟು ಭೇಟಿ, ಕೇಂದ್ರದಲ್ಲಿ ಇಲ್ಲವೇ ಮನೆಯಲ್ಲಿ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರು ತಿಂಗಳಿಗೆ ಇವರಲ್ಲಿ ಶೇ. 64 ಮಂದಿ ಚೇತರಿಸಿಕೊಂಡಿದ್ದರು. ಕೇಂದ್ರದ ಎಂದಿನ ಆರೈಕೆಯಷ್ಟೇ ಸಿಕ್ಕವರಲ್ಲಿ ಶೇ. 39. ಮನೋತಜ್ಞರಲ್ಲದ ಆರೋಗ್ಯ ಕೇಂದ್ರದ ಸಿಬ್ಬಂದಿಯೂ ಮನಸ್ಸಿನ ಆರೈಕೆ ಮಾಡಬಲ್ಲರು ಎಂಬುದು ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಅಂಥ ತರಬೇತಿ ನಡೆಸಿತ್ತು, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಮಿತಿಗಳೂ ಉಂಟು. ನಸುಕಿನಿಂದ ರಾತ್ರಿವರೆಗೆ ಮನೆ, ಕೂಲಿ, ಮಕ್ಕಳು ಎಂದು ದುಡಿಯುವ ಹೆಂಗಸಿಗೆ ‘ಇನ್ನೊಂದು ಚಟುವಟಿಕೆ ಸೇರಿಸಿಕೊಳ್ಳಿ’ ಎನ್ನುವುದು ಕ್ರೌರ್ಯ. ಆಕೆಯ ದಿನದಿಂದ ಏನನ್ನಾದರೂ ತೆಗೆಯಬೇಕು, ಅದಕ್ಕೆ ಮನೆಯವರು ಒಪ್ಪಬೇಕು. ಗೋವಾದ ಕಾರ್ಯಕ್ರಮ ಸಮಸ್ಯೆ ಬಿಡಿಸುವ ಕ್ರಮವನ್ನೂ ಆಪ್ತರ ನೆರವನ್ನೂ ಸೇರಿಸಿಕೊಂಡದ್ದು ಇಂಥ ಕಾರಣಕ್ಕೇ ಇರಬೇಕು. ಸಾಲ, ಹೊಡೆತ, ಅವಮಾನಗಳನ್ನು ದಿನಚರಿಯ ಹಾಳೆ ನೀಗಿಸಲಾರದು. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಸುಸ್ತು, ನಿರಾಸಕ್ತಿ ಬರುವುದರಿಂದ ಮೊದಲು ವೈದ್ಯರಿಗೆ ತೋರಿಸುವುದು ಒಳ್ಳೆಯದು. ಸಾಯುವ ಯೋಚನೆ ಬರುತ್ತಿದ್ದರಂತೂ ನೋಟ್‌ಬುಕ್ಕು ಹಿಡಿದು ಒಬ್ಬರೇ ಕೂರಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.