‘ಬಾರ್ಬರೊ’ ಅಂದ್ರೆ ಬೈಗುಳವಲ್ಲ

ಸ್ಪ್ಯಾನಿಷ್ ಕಲಿಯೋರಿಗೆ ಒಂದು ಎಚ್ಚರಿಕೆ: ಖುಷಿಯಲ್ಲಿ ‘ಎಕ್ಸೈಟೆಡ್’ ಅನ್ನೋಕೆ ಹೋಗಿ ‘ಎಕ್ಸಿತಾದೊ’ ಅಂದುಬಿಡಬೇಡಿ. ಬಹಳ ಕಡೆ ಅದಕ್ಕೆ ಕಾಮೋದ್ರೇಕದ ಅರ್ಥ ಬರುತ್ತೆ. ‘ಎಮೊಸಿಯೊನಾದೊ’ ಅನ್ನಿ, ಹೇಳೋರು ಹೆಣ್ಣಾದರೆ ‘ಎಮೊಸಿಯೊನಾದಾ’. ಅರ್ಜೆಂಟೀನಾದವರು ಊಟಕ್ಕೆ ಕರೆದರೆ ಮಾತ್ರ ‘ಬಾರ್ಬರೊ!’ ಅಂದರೂ ನಡೆಯುತ್ತೆ. ಭಲೇ, ಆಗಲಿ ಅಂತ.

ಈ ಪದ ಹುಟ್ಟಿದ್ದೇ ಅಣಕದಲ್ಲಿ. ಗ್ರೀಕರಿಗೆ ಪರಭಾಷಿಕರ ಮಾತು ‘ಬರ್ ಬರ್’ ಅಂತ ಕೇಳಿಸ್ತಿತ್ತು, ಹಾಗಾಗಿ ಅವರನ್ನು ‘ಬಾರ್ಬರೋಸ್’ ಅಂದರು. (ನಮ್ಮ ಉಚ್ಚಾರಣೆಗೆ ನಕ್ಕವರು ನೆನಪಾದರೇ?) ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಬರ್ಬರ’ ಕೂಡ ಇದರ ನೆಂಟನೇ ಅಂತಾರೆ ಭಾಷಾಶಾಸ್ತ್ರಜ್ಞರು. 1845ರಲ್ಲಿ ಅರ್ಜೆಂಟೀನಾದ ಡೊಮಿಂಗೊ ಸಾರ್ಮಿಯೆಂಟೊ, ಚಿಲಿಯಲ್ಲಿ ದೇಶಭ್ರಷ್ಟರಾಗಿದ್ದಾಗ, ‘ಫಾಕುಂದೊ’ ಪ್ರಕಟಿಸಿದರು. ನಗರದ್ದು ನಾಗರಿಕತೆ, ಪಂಪಾ ಬಯಲಿನ ಗೌಚೊಗಳದ್ದು ಬರ್ಬರತೆ ಅನ್ನೋದು ಅವರ ವಾದ. 1868ರಲ್ಲಿ ಅವರೇ ದೇಶದ ಅಧ್ಯಕ್ಷರಾದರು.

ಅಧ್ಯಕ್ಷರು ಒಂದು ಜನವರ್ಗಕ್ಕೆ ಹಚ್ಚಿದ ಆ ಹಣೆಪಟ್ಟಿಯ ಪದವೇ ಇವತ್ತು ಅಲ್ಲಿನ ಬೀದಿಯಲ್ಲಿ ಮೆಚ್ಚುಗೆಯ ಮಾತು! ನಮ್ಮಲ್ಲೂ ‘ಭಯಂಕರ ಚೆನ್ನಾಗಿದೆ’ ಅಂದಾಗ ಯಾರೂ ಹೆದರಲ್ಲ. ‘ಸಖತ್’ ಪಾರ್ಸಿಯಲ್ಲಿ ಬರೀ ‘ಗಟ್ಟಿ, ಕಠಿಣ’.

ಅರ್ಜೆಂಟೀನಾದ ಗೆಳೆಯರು ನಿಮ್ಮ ಬಿಸಿಬೇಳೆಬಾತ್ ತಿಂದು ‘ಬಾರ್ಬರೊ’ ಅಂದರೆ, ಇನ್ನೊಂದು ಸೌಟು ಬಡಿಸಿ.