ಇಂಗ್ಲಿಷಿನ ದೊಡ್ಡಕ್ಷರಗಳು ಮತ್ತು ವಿರಾಮಚಿಹ್ನೆಗಳು: ಒಂದು ಚಾರಿತ್ರಿಕ ವಿವೇಚನೆ

ಇಂಗ್ಲಿಷ್ ಬರವಣಿಗೆಯಲ್ಲಿ ಯಾವ ಪದವನ್ನು ದೊಡ್ಡಕ್ಷರದಿಂದ ಆರಂಭಿಸಬೇಕು, ಎಲ್ಲಿ ಅಲ್ಪವಿರಾಮವನ್ನಿಡಬೇಕು, ಎಲ್ಲಿ ಅರ್ಧವಿರಾಮವನ್ನಿಡಬೇಕು ಎಂಬ ಪ್ರಶ್ನೆಗಳು ವ್ಯಾಕರಣದ ಅಧ್ಯಾಪಕರಿಗೆ ಸೇರಿದವೆಂದೂ, ಇತಿಹಾಸದ ಅಭ್ಯಾಸಿಗೆ ಅವುಗಳಿಂದ ಆಗಬೇಕಾದುದೇನೂ ಇಲ್ಲವೆಂದೂ ಸಾಮಾನ್ಯವಾಗಿ ತಿಳಿಯಲಾಗಿದೆ. ಈ ತಿಳಿವಳಿಕೆ ಸರಿಯಲ್ಲವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ನಿಯಮಗಳಿಗೂ ಒಂದು ಚರಿತ್ರೆಯುಂಟು. ಅದನ್ನು ಅರಿಯದೆ ನಿಯಮಗಳನ್ನು ಕಲಿಯುವುದೂ ಕಷ್ಟ, ಹಳೆಯ ದಾಖಲೆಗಳನ್ನು ಓದುವುದೂ ಅಪಾಯಕರ.

ಈ ವಿಷಯದತ್ತ ನಮ್ಮ ಗಮನ ಹರಿದುದು ಒಂದು ಸಣ್ಣ ಪ್ರಸಂಗದಿಂದ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ತನ್ನ ಪ್ರಬಂಧದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ೧೭೮೭ರ ಸಂವಿಧಾನದ ಪೀಠಿಕೆಯನ್ನು ಉದ್ಧರಿಸಿದ್ದಳು. ಅದರಲ್ಲಿ ನ್ಯಾಯ, ಶಾಂತಿ, ಕ್ಷೇಮ ಮುಂತಾದ ಅರ್ಥವುಳ್ಳ ನಾಮಪದಗಳೆಲ್ಲ ದೊಡ್ಡಕ್ಷರದಿಂದ ಮೊದಲಾಗಿದ್ದುವು. ಪರಿಶೀಲಿಸಿದವರು ಆ ಅಕ್ಷರಗಳ ಕೆಳಗೆಲ್ಲ ಕೆಂಪು ಗೆರೆ ಎಳೆದರು. ಎಳೆದವರು ಬೇರಾರೂ ಅಲ್ಲ, ನಾವೇ. ಮರುದಿನ ಆಕೆ ಮೂಲಪ್ರತಿಯ ಛಾಯಾಚಿತ್ರವನ್ನು ತಂದು ಮೇಜಿನ ಮೇಲಿಟ್ಟಾಗ ತಪ್ಪು ಯಾರದೆಂಬುದು ಸ್ಪಷ್ಟವಾಯಿತು. ಆಕೆ ಮೂಲವನ್ನು ಇದ್ದಂತೆಯೇ ಬರೆದಿದ್ದಳು. ಸಾಮೂಹಿಕ ರಕ್ಷಣೆಯನ್ನು ಸೂಚಿಸುವ ಪದವೊಂದು ಮಾತ್ರ ಮೂಲದಲ್ಲಿ ಸಣ್ಣಕ್ಷರದಿಂದ ಮೊದಲಾಗಿರುವುದನ್ನೂ ಬಿಡದೆ ಗಮನಿಸಿದ್ದಳು. ನಾವು ಇಂದಿನ ನಿಯಮವನ್ನು ೧೭೮೭ಕ್ಕೆ ಹೇರಿದ್ದೆವು. ಕಾಲವ್ಯತ್ಯಾಸದ ದೋಷವನ್ನು ಇತರರಲ್ಲಿ ಹುಡುಕುವ ನಮಗೆ ನಮ್ಮ ಪೆನ್ಸಿಲಿನ ತುದಿಯಲ್ಲಿಯೇ ಅದು ಕುಳಿತಿದ್ದುದು ಕಾಣಲಿಲ್ಲ.

ಮೊದಲು ವಿರಾಮಚಿಹ್ನೆಗಳ ಮೂಲವನ್ನು ನೋಡಬಹುದು. ಪ್ರಾಚೀನ ಗ್ರೀಕರೂ ರೋಮನರೂ ಬಹುಮಟ್ಟಿಗೆ ಪದಪದಗಳ ನಡುವೆ ತೆರಪಿಲ್ಲದೆ ಬರೆಯುತ್ತಿದ್ದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಅಲೆಕ್ಸಾಂಡ್ರಿಯದ ಗ್ರಂಥಭಂಡಾರದಲ್ಲಿದ್ದ ಬೈಜಾಂಟಿಯಮ್ಮಿನ ಅರಿಸ್ಟೋಫನೀಸನೆಂಬ ಪಂಡಿತನು ಸಾಲಿನ ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಎತ್ತರಗಳಲ್ಲಿ ಚುಕ್ಕೆಯನ್ನಿಡುವ ಪದ್ಧತಿಯನ್ನು ತಂದನು. ಗಟ್ಟಿಯಾಗಿ ಓದುವವನು ಎಲ್ಲಿ ಎಷ್ಟು ನಿಲ್ಲಬೇಕೆಂಬುದನ್ನು ತಿಳಿಸುವುದು ಅದರ ಉದ್ದೇಶ. ಕಾಮಾ, ಕೋಲನ್ ಎಂಬ ಹೆಸರುಗಳು ಆಗ ಚಿಹ್ನೆಯ ಹೆಸರುಗಳಾಗಿರಲಿಲ್ಲ. ವಾಕ್ಯದ ತುಂಡುಗಳ ಹೆಸರುಗಳಾಗಿದ್ದುವು. ನಮ್ಮ ಛಂದಸ್ಸಿನ ಯತಿಯಂತೆ ಆ ಚುಕ್ಕೆಯೂ ಉಸಿರಿಗೆ ಸಂಬಂಧಿಸಿದುದು. ಪದಗಳ ನಡುವೆ ತೆರಪು ಬಿಡುವ ರೂಢಿಯನ್ನು ಏಳು ಎಂಟನೆಯ ಶತಮಾನಗಳಲ್ಲಿ ಬೆಳೆಸಿದವರು ಐರ್ಲೆಂಡಿನ ಸಂನ್ಯಾಸಿಗಳು. ಲ್ಯಾಟಿನ್ ಅವರಿಗೆ ಮನೆಮಾತಾಗಿರಲಿಲ್ಲ, ಕಲಿತ ಭಾಷೆ. ಪರಭಾಷೆಯನ್ನು ಕಣ್ಣಿನಿಂದ ಕಲಿಯುವವನಿಗೆ ಪದವಿಭಾಗ ಬೇಕಾಯಿತು. ಲಿಪಿಯ ಈ ದೊಡ್ಡ ಸುಧಾರಣೆ ಪರಭಾಷೆಯ ವಿದ್ಯಾರ್ಥಿಗಳ ಅಗತ್ಯದಿಂದ ಬೆಳೆದುದೆಂಬುದು ನಮ್ಮಂಥವರಿಗೆ ನೆನಪಿಡತಕ್ಕ ಮಾತು.

ದೊಡ್ಡಕ್ಷರ, ಸಣ್ಣಕ್ಷರಗಳ ಭೇದವೂ ಹೀಗೆಯೇ ಕಾಲಕ್ರಮದಲ್ಲಿ ಹುಟ್ಟಿತು. ರೋಮನರ ಶಿಲಾಲಿಪಿಯಲ್ಲಿದ್ದುದು ನಾವಿಂದು ದೊಡ್ಡಕ್ಷರವೆನ್ನುವ ರೂಪ ಮಾತ್ರ. ಎಂಟು ಒಂಬತ್ತನೆಯ ಶತಮಾನಗಳಲ್ಲಿ ಶಾರ್ಲಮೇನ್ ಚಕ್ರವರ್ತಿಯ ಆಳಿಕೆಯಲ್ಲಿ ಒಂದು ಸ್ಪಷ್ಟವಾದ ಸಣ್ಣ ಬರಹ ಪ್ರಚಾರಕ್ಕೆ ಬಂದಿತು. ಹಳೆಯ ರೂಪವನ್ನು ಶೀರ್ಷಿಕೆಗೂ ಆರಂಭಾಕ್ಷರಕ್ಕೂ ಮೀಸಲಿಟ್ಟರು. ಒಂದೇ ಅಕ್ಷರದ ಹಳೆಯ ರೂಪ, ಹೊಸ ರೂಪಗಳೆರಡೂ ಒಂದೇ ಪುಟದಲ್ಲಿ ನಿಂತುವು. ಮುಂದೆ ಅಚ್ಚುಕೂಟದಲ್ಲಿ ದೊಡ್ಡಕ್ಷರದ ಮೊಳೆಗಳನ್ನು ಮೇಲಿನ ಪೆಟ್ಟಿಗೆಯಲ್ಲಿಯೂ ಸಣ್ಣಕ್ಷರದ ಮೊಳೆಗಳನ್ನು ಕೆಳಗಿನ ಪೆಟ್ಟಿಗೆಯಲ್ಲಿಯೂ ಇಡುತ್ತಿದ್ದುದರಿಂದ ಅಪ್ಪರ್ ಕೇಸ್, ಲೋಯರ್ ಕೇಸ್ ಎಂಬ ಹೆಸರುಗಳು ಬಂದುವು. ಉತ್ತಮಪುರುಷ ಏಕವಚನವಾದ ‘ಐ’ ಸದಾ ದೊಡ್ಡಕ್ಷರದಲ್ಲಿರುವುದು ಇಂಗ್ಲಿಷರ ಅಹಂಕಾರದ ಗುರುತೆಂದು ನಮ್ಮಲ್ಲಿ ಕೆಲವರು ವಿನೋದವಾಗಿ ಹೇಳುವುದುಂಟು. ಒಂಟಿಯಾಗಿ ನಿಂತ ಒಂದು ಸಣ್ಣ ಗೀಟು ಓದುವವನ ಕಣ್ಣಿಗೆ ತಪ್ಪಿಹೋಗಬಾರದೆಂದು ಲಿಪಿಕಾರರು ಅದನ್ನು ಉದ್ದ ಮಾಡಿದರೆಂಬುದು ಭಾಷಾಚರಿತ್ರಕಾರರ ಸಾಮಾನ್ಯ ಅಭಿಪ್ರಾಯ.

೧೪೭೬ರಲ್ಲಿ ಕ್ಯಾಕ್ಸ್ಟನ್ನನು ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ತೆರೆದಾಗ ಅವನ ಪುಟಗಳಲ್ಲಿ ಈಗಿನ ಅಲ್ಪವಿರಾಮದ ಸ್ಥಾನದಲ್ಲಿ ಓರೆಗೆರೆ ಇರುತ್ತಿದ್ದಿತು. ಇಂದು ಕಾಣುವ ಅರ್ಧವಿರಾಮವನ್ನು ಬಳಕೆಗೆ ತಂದವನು ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್. ಅದು ೧೪೯೦ರ ದಶಕದ ಮಾತು. ಈ ಕೆಲಸದಲ್ಲಿ ಗ್ರಂಥಕರ್ತನ ಪಾತ್ರಕ್ಕಿಂತ ಮೊಳೆ ಜೋಡಿಸುವವನ ಪಾತ್ರವೇ ಬಹುಕಾಲ ಹಿರಿದಾಗಿತ್ತೆಂಬುದನ್ನು ಗಮನಿಸಬೇಕು. ೧೬೮೩ರಲ್ಲಿ ಪ್ರಕಟಣೆ ಆರಂಭವಾದ ತನ್ನ ಮುದ್ರಣಕಲೆಯ ಗ್ರಂಥದಲ್ಲಿ ಜೋಸೆಫ್ ಮಾಕ್ಸನ್ ವಿರಾಮಚಿಹ್ನೆಗಳನ್ನೂ ದೊಡ್ಡಕ್ಷರಗಳನ್ನೂ ಸರಿಪಡಿಸುವುದು ಮೊಳೆ ಜೋಡಿಸುವವನ ಕರ್ತವ್ಯಗಳಲ್ಲಿ ಒಂದೆಂದು ಎಣಿಸಿದ್ದಾನೆ. ವರ್ಡ್ಸ್‌ವರ್ತ್ ಕವಿಯು ೧೮೦೦ರಲ್ಲಿ ತನ್ನ ಕವಿತೆಗಳ ವಿರಾಮಚಿಹ್ನೆಗಳನ್ನು ತಿದ್ದಿಕೊಡಬೇಕೆಂದು ಕೇಳಿಕೊಂಡುದು ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯನ್ನು! ಅಲ್ಪವಿರಾಮದ ಸ್ಥಾನ ತಿಳಿಯದೆ ಕಳವಳಪಡುವ ನಮ್ಮ ವಿದ್ಯಾರ್ಥಿಗಳು ತಾವೊಬ್ಬರೇ ಅಲ್ಲವೆಂದು ಸಮಾಧಾನಪಡಬಹುದು.

ಹದಿನೇಳನೆಯ ಶತಮಾನದ ಕೊನೆಯಿಂದ ಹದಿನೆಂಟನೆಯ ಶತಮಾನದ ಪೂರ್ವಾರ್ಧದವರೆಗೆ ಇಂಗ್ಲಿಷಿನಲ್ಲಿ ಹೆಚ್ಚುಕಡಮೆ ಎಲ್ಲ ಮುಖ್ಯ ನಾಮಪದಗಳೂ ದೊಡ್ಡಕ್ಷರವನ್ನು ಪಡೆಯುತ್ತಿದ್ದುವು. ಜರ್ಮನ್ ಭಾಷೆಯಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ. ಡೇನಿಷ್ ಭಾಷೆ ೧೯೪೮ರಲ್ಲಿ ಅದನ್ನು ಬಿಟ್ಟಿತು. ಇಂಗ್ಲಿಷಿನಲ್ಲಿ ಆ ಶತಮಾನದ ಉತ್ತರಾರ್ಧದಲ್ಲಿ ಅಚ್ಚಿನ ಪುಸ್ತಕಗಳಿಂದ ಅದು ಮರೆಯಾಯಿತಾದರೂ ಕೈಬರಹದಲ್ಲಿ ಇನ್ನೂ ಸ್ವಲ್ಪಕಾಲ ನಿಂತಿತು. ಸ್ವತಃ ಮುದ್ರಕನಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ೧೭೮೯ರ ಡಿಸೆಂಬರಿನಲ್ಲಿ ನೋವಾ ವೆಬ್‌ಸ್ಟರನಿಗೆ ಬರೆದ ಪತ್ರದಲ್ಲಿ ಈ ಬದಲಾವಣೆಯನ್ನು ಕುರಿತು ವ್ಯಸನಪಟ್ಟಿದ್ದಾನೆ. ನಮ್ಮ ವಿದ್ಯಾರ್ಥಿನಿ ಉದ್ಧರಿಸಿದ ಸಂವಿಧಾನವು ಈ ಎರಡು ಪದ್ಧತಿಗಳ ಸಂಧಿಕಾಲದ ಬರಹ.

ಅದೇ ಕಾಲದಲ್ಲಿ ವ್ಯಾಕರಣಕಾರರು ನಿಯಮಗಳನ್ನು ಕಟ್ಟತೊಡಗಿದರು. ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತ್ ೧೭೬೨ರ ತನ್ನ ವ್ಯಾಕರಣದಲ್ಲಿ ವಿರಾಮಚಿಹ್ನೆಗಳನ್ನು ಸಂಗೀತದ ಕಾಲಪ್ರಮಾಣಕ್ಕೆ ಹೋಲಿಸಿ, ಅಲ್ಪವಿರಾಮದ ಎರಡರಷ್ಟು ಅರ್ಧವಿರಾಮ, ಅದರ ಎರಡರಷ್ಟು ಕೋಲನ್, ಅದರ ಎರಡರಷ್ಟು ಪೂರ್ಣವಿರಾಮ ಎಂದು ಲೆಕ್ಕ ಕೊಟ್ಟನು. ೧೭೯೫ರಲ್ಲಿ ಲಿಂಡ್ಲಿ ಮರ್ರೆ ಯಾರ್ಕ್ ನಗರದ ಒಂದು ಬಾಲಿಕಾ ಶಾಲೆಗಾಗಿ ಬರೆದ ವ್ಯಾಕರಣ ಅಲ್ಪವಿರಾಮಕ್ಕೆ ನಿಯಮಗಳ ಉದ್ದನೆಯ ಪಟ್ಟಿಯನ್ನೇ ನೀಡಿ ಬಹುಕಾಲ ಪಾಠಪುಸ್ತಕವಾಗಿ ಮೆರೆಯಿತು. ಇಲ್ಲಿ ಒಂದು ತೊಡಕನ್ನು ಗುರುತಿಸಬೇಕು. ಚಿಹ್ನೆಯು ಉಸಿರನ್ನು ತೋರಿಸಬೇಕೆಂಬುದು ಹಳೆಯ ತತ್ತ್ವ. ವಾಕ್ಯದ ಅನ್ವಯವನ್ನು ತೋರಿಸಬೇಕೆಂಬುದು ಮೌನವಾಚನ ಬೆಳೆದಂತೆ ಬಲಗೊಂಡ ಹೊಸ ತತ್ತ್ವ. ಇಂದಿನ ನಿಯಮಗಳಲ್ಲಿ ಎರಡೂ ಬೆರೆತಿವೆ. ‘ನಿಲ್ಲುವೆಡೆ ಅಲ್ಪವಿರಾಮವಿಡು’ ಎಂದು ಒಬ್ಬ ಅಧ್ಯಾಪಕರೂ, ‘ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಎಷ್ಟು ನಿಂತರೂ ಇಡಬೇಡ’ ಎಂದು ಇನ್ನೊಬ್ಬರೂ ಹೇಳಿದರೆ ವಿದ್ಯಾರ್ಥಿ ಗೊಂದಲಗೊಳ್ಳುವುದು ಸಹಜ. ಆ ಗೊಂದಲ ಅವನ ಬುದ್ಧಿಯ ಮಾಂದ್ಯದಿಂದ ಬಂದುದಲ್ಲ. ಎರಡು ಯುಗಗಳ ತತ್ತ್ವಗಳು ಒಂದೇ ಚಿಹ್ನೆಯಲ್ಲಿ ವಾಸವಾಗಿರುವುದರಿಂದ ಬಂದುದು.

ಇಷ್ಟು ಸಣ್ಣ ಗುರುತುಗಳಿಂದ ಆಗುವುದೇನು ಎನ್ನುವವರು ಎರಡು ನಿದರ್ಶನಗಳನ್ನು ನೋಡಬಹುದು. ಐರಿಷ್ ಸ್ವಾತಂತ್ರ್ಯದ ಪಕ್ಷಪಾತಿ ರೋಜರ್ ಕೇಸ್‌ಮೆಂಟ್ ೧೯೧೬ರಲ್ಲಿ ರಾಜದ್ರೋಹದ ಆಪಾದನೆಗೆ ಗುರಿಯಾದನು. ಆಧಾರವಾಗಿದ್ದುದು ೧೩೫೧ರಲ್ಲಿ ನಾರ್ಮನ್ ಫ್ರೆಂಚಿನಲ್ಲಿ ರಚಿತವಾದ ಕಾಯಿದೆ. ರಾಜ್ಯದೊಳಗೆ ಅರಸನ ಶತ್ರುಗಳ ಪಕ್ಷ ವಹಿಸುವುದನ್ನೂ ಅವರಿಗೆ ನೆರವೀಯುವುದನ್ನೂ ಹೇಳಿ, ಕೊನೆಯಲ್ಲಿ ‘ಅಥವಾ ಬೇರೆಡೆ’ ಎಂಬ ಮಾತನ್ನು ಅದು ಸೇರಿಸುತ್ತದೆ. ಆ ಮಾತು ನೆರವಿಗೆ ಮಾತ್ರ ಅನ್ವಯಿಸುವುದೋ ಅಥವಾ ಪಕ್ಷ ವಹಿಸುವುದಕ್ಕೂ ಅನ್ವಯಿಸುವುದೋ? ಕೇಸ್‌ಮೆಂಟನ ಕೃತ್ಯಗಳು ನಡೆದುದು ಜರ್ಮನಿಯಲ್ಲಾದುದರಿಂದ ಅವನ ಪ್ರಾಣ ಈ ಅನ್ವಯದ ಮೇಲೆ ನಿಂತಿತು. ನ್ಯಾಯಾಧೀಶರು ದಾಖಲೆಗಳ ಕಚೇರಿಗೆ ಹೋಗಿ ಮೂಲದ ಸುರುಳಿಯನ್ನು ಬಿಚ್ಚಿ ಅದರಲ್ಲಿಯ ಗೀಟುಗಳನ್ನು ಪರಿಶೀಲಿಸಿದರು. ಆಗಸ್ಟ್ ೩ರಂದು ಅವನನ್ನು ಗಲ್ಲಿಗೇರಿಸಲಾಯಿತು. ಅಲ್ಪವಿರಾಮವೇ ಅವನನ್ನು ಕೊಂದಿತೆಂಬ ಮಾತು ಪ್ರಚಾರದಲ್ಲಿದೆ. ಅದು ಅತಿಶಯೋಕ್ತಿಯೆಂದೇ ನಮ್ಮ ಅಭಿಪ್ರಾಯ. ಕೋಕ್ ಮೊದಲಾದ ಹಿಂದಿನ ಧರ್ಮಶಾಸ್ತ್ರಜ್ಞರ ವ್ಯಾಖ್ಯಾನಗಳೂ ಆ ತೀರ್ಪಿಗೆ ಆಸರೆಯಾಗಿದ್ದುವು. ಆದರೂ ಮನುಷ್ಯನ ಪ್ರಾಣವನ್ನು ಕುರಿತ ವಾದದಲ್ಲಿ ಹಳೆಯ ಹಾಳೆಯ ಗೀಟುಗಳನ್ನು ನೋಡಬೇಕಾಗಿ ಬಂದುದು ಅಲ್ಲಗಳೆಯಲಾಗದ ಸಂಗತಿ.

ಎರಡನೆಯದು ಈಚಿನದು. ಅಮೆರಿಕಾದ ಮೇನ್ ಸಂಸ್ಥಾನದ ಕಾಯಿದೆಯೊಂದು ಹೆಚ್ಚು ಹೊತ್ತಿನ ದುಡಿಮೆಗೆ ಹೆಚ್ಚಿನ ಕೂಲಿ ಸಲ್ಲದ ಕೆಲಸಗಳನ್ನು ಪಟ್ಟಿ ಮಾಡಿತ್ತು. ಪಟ್ಟಿಯ ಕೊನೆಯಲ್ಲಿ ‘ಸಾಗಣೆ ಅಥವಾ ವಿತರಣೆ’ ಎಂಬರ್ಥದ ಮಾತಿಗೆ ನಡುವೆ ಅಲ್ಪವಿರಾಮವಿರಲಿಲ್ಲ. ವಿತರಣೆ ಪ್ರತ್ಯೇಕ ಕೆಲಸವೋ, ಅಥವಾ ಸಾಗಣೆಗೋ ವಿತರಣೆಗೋ ಸರಕನ್ನು ಕಟ್ಟುವ ಒಂದೇ ಕೆಲಸದ ಭಾಗವೋ? ಹಾಲಿನ ಕಂಪೆನಿಯೊಂದರ ವಾಹನ ಚಾಲಕರು ಮೊಕದ್ದಮೆ ಹೂಡಿದರು. ೨೦೧೭ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ನಿಂತಿತು. ೨೦೧೮ರಲ್ಲಿ ಐವತ್ತು ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಶಾಸನಸಭೆ ಆ ಪಟ್ಟಿಯನ್ನು ಅರ್ಧವಿರಾಮಗಳನ್ನಿಟ್ಟು ಮತ್ತೆ ಬರೆಯಿತು.

ಇನ್ನು ಕನ್ನಡಿಗ ವಿದ್ಯಾರ್ಥಿಯ ಕಡೆಗೆ ತಿರುಗಬಹುದು. ನಮ್ಮ ಲಿಪಿಯಲ್ಲಿ ದೊಡ್ಡಕ್ಷರವೆಂಬುದಿಲ್ಲ. ಶಾಸನಗಳಲ್ಲಿಯೂ ತಾಳೆಯೋಲೆಗಳಲ್ಲಿಯೂ ದಂಡವನ್ನು ಬಿಟ್ಟರೆ ವಿರಾಮಚಿಹ್ನೆಗಳು ಇಲ್ಲವೆನ್ನುವಷ್ಟು ವಿರಳ. ೧೮೧೭ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾಯಿತು. ೧೮೪೩ರಲ್ಲಿ ‘ಮಂಗಳೂರು ಸಮಾಚಾರ’ ಹೊರಟಿತು. ಮುದ್ರಣ ಬೆಳೆದಂತೆ ಆ ಶತಮಾನದಲ್ಲಿ ಇಂಗ್ಲಿಷ್ ಚಿಹ್ನೆಗಳು ಕನ್ನಡ ಗದ್ಯವನ್ನು ಹೊಕ್ಕುವು. ಹಿಂದಿಯ ಗದ್ಯ ದಂಡವನ್ನು ಉಳಿಸಿಕೊಂಡರೆ ನಮ್ಮ ಗದ್ಯ ಚುಕ್ಕೆಯನ್ನು ಸ್ವೀಕರಿಸಿತು. ಹಾಗಾದರೆ ಅದಕ್ಕೆ ಮುಂಚೆ ಕನ್ನಡಕ್ಕೆ ವಿರಾಮವೇ ಇರಲಿಲ್ಲವೆ? ಇದ್ದಿತು, ಆದರೆ ಪದಗಳ ಒಳಗೆ ಇದ್ದಿತು. ‘ಮಲ್ಲನೆಂಬ ಗೌಡ’ ಎಂದಾಗ ‘ಎಂಬ’ ಎಂಬುದೇ ಅಂಕಿತನಾಮವನ್ನು ಎತ್ತಿ ತೋರಿಸುತ್ತದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಮಾಡುವ ಕೆಲಸ ಅದು. ‘ಬರುತ್ತೇನೆಂದು ಹೇಳಿದನು’ ಎಂಬಲ್ಲಿ ‘ಎಂದು’ ಉದ್ಧರಣಚಿಹ್ನೆಯ ಕೆಲಸವನ್ನು ಮಾಡುತ್ತದೆ. ‘ಬಂದನೆ’ ಎಂಬಲ್ಲಿ ಕೊನೆಯ ಪ್ರತ್ಯಯವೇ ಪ್ರಶ್ನಚಿಹ್ನೆ. ‘ಅರಸನೂ ಮಂತ್ರಿಯೂ ದಳಪತಿಯೂ’ ಎಂದು ಪ್ರತಿಯೊಂದು ಪದಕ್ಕೂ ಸಮುಚ್ಚಯವನ್ನು ಹತ್ತಿಸುವ ಭಾಷೆಯಲ್ಲಿ ಮೇನ್ ಸಂಸ್ಥಾನದ ಆ ವ್ಯಾಜ್ಯಕ್ಕೆ ಎಡೆಯೇ ಇರುತ್ತಿರಲಿಲ್ಲ. ಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡ ಇಂಗ್ಲಿಷ್ ಆ ಕೆಲಸಗಳಲ್ಲಿ ಕೆಲವನ್ನು ಕಾಗದದ ಮೇಲಿನ ಗುರುತುಗಳಿಗೆ ವಹಿಸಬೇಕಾಯಿತು.

ಇದನ್ನು ಕನ್ನಡದ ಹಿರಿಮೆಗಾಗಿ ಹೇಳುತ್ತಿಲ್ಲ. ಪದಗಳು ಬಿಡಿಬಿಡಿಯಾಗಿಲ್ಲದ ನಮ್ಮ ಶಾಸನಗಳಲ್ಲಿ ಎಲ್ಲಿ ಪದವನ್ನು ಬಿಡಿಸಬೇಕೆಂಬ ಜಗಳಗಳು ಪಂಡಿತರಿಗೆ ಗೊತ್ತೇ ಇವೆ. ಹೇಳಬೇಕಾದುದು ಇಷ್ಟೆ: ನಿಯಮವು ಯಾವ ಕೆಲಸಕ್ಕಾಗಿ ಹುಟ್ಟಿತೆಂಬುದನ್ನೂ, ಆ ಕೆಲಸವನ್ನು ತನ್ನ ಭಾಷೆ ಹೇಗೆ ಮಾಡುತ್ತದೆಂಬುದನ್ನೂ ಕಂಡುಕೊಂಡ ವಿದ್ಯಾರ್ಥಿಗೆ ನಿಯಮ ಬಾಯಿಪಾಠದ ಕಟ್ಟಳೆಯಾಗಿ ಉಳಿಯುವುದಿಲ್ಲ. ಎಲ್ಲಿ ‘ಎಂಬ’ ಎನ್ನುತ್ತೇವೆಯೋ ಅಲ್ಲಿ ದೊಡ್ಡಕ್ಷರ ಬೇಕೇ ಎಂದು ಯೋಚಿಸು ಎಂದು ನಾವು ತರಗತಿಯಲ್ಲಿ ಹೇಳತೊಡಗಿದ ಮೇಲೆ ಕೆಂಪು ಗೆರೆಗಳು ಕಡಮೆಯಾಗಿವೆ.

ಸಂಶೋಧಕನಿಗೆ ಇದರಿಂದ ಬರುವ ಪಾಠ ಇನ್ನೂ ಗಂಭೀರವಾದುದು. ಹೈದರಾಲಿ, ಟಿಪ್ಪುಸುಲ್ತಾನರ ಕಾಲದ ಮೈಸೂರನ್ನು ಕುರಿತು ಕೆಲಸ ಮಾಡುವವರು ಈಸ್ಟ್ ಇಂಡಿಯಾ ಕಂಪೆನಿಯ ಪತ್ರಗಳನ್ನು ಓದಲೇಬೇಕು. ಅವುಗಳಲ್ಲಿ ನವಾಬ ಎಂಬ ಪದ ದೊಡ್ಡಕ್ಷರದಿಂದ ಮೊದಲಾದರೆ ಅದು ಗೌರವದ ಗುರುತೆಂದು ನಿರ್ಣಯಿಸಲಾಗದು. ಅದೇ ಪತ್ರದಲ್ಲಿ ಎತ್ತಿಗೂ ಅಕ್ಕಿಗೂ ದೊಡ್ಡಕ್ಷರ ಸಂದಿರಬಹುದು. ಪೂರ್ಣವಿರಾಮವಿರಬೇಕಾದಲ್ಲಿ ಬರಿಯ ಗೆರೆಯೆಳೆದು ಮುಂದುವರಿದಿರುವುದು ಬರೆದವನ ಅವಸರವೆಂದಾಗಲಿ ಅವಿದ್ಯೆಯೆಂದಾಗಲಿ ಊಹಿಸಲಾಗದು. ಅದು ಅಂದಿನ ರೂಢಿ. ಇಂಥ ಪತ್ರಗಳನ್ನು ಅಚ್ಚಿಗೆ ಸಿದ್ಧಪಡಿಸುವಾಗ ಓದುಗರ ಸೌಕರ್ಯಕ್ಕೆಂದು ಒಂದು ಅಲ್ಪವಿರಾಮವನ್ನು ಸೇರಿಸಿದರೂ ನಾವು ವ್ಯಾಖ್ಯಾನವನ್ನು ಆರಂಭಿಸಿದಂತೆಯೇ ಆಯಿತು. ಸೇರಿಸಬಾರದೆಂದಲ್ಲ, ಸೇರಿಸಿದುದನ್ನು ಸೇರಿಸಿದ್ದೇವೆಂದು ಹೇಳಬೇಕು, ಮೂಲದ ಗುರುತನ್ನು ಅಡಿಯಲ್ಲಿ ಕೊಡಬೇಕು. ಉದ್ಧರಣೆಯಲ್ಲಿ ಮೂಲದ ಅಕ್ಷರವನ್ನೂ ಚಿಹ್ನೆಯನ್ನೂ ಇದ್ದಂತೆಯೇ ಉಳಿಸುವುದು, ತನ್ನ ಮಾತಿನಲ್ಲಿ ಇಂದಿನ ನಿಯಮವನ್ನು ಪಾಲಿಸುವುದು: ಇವೆರಡನ್ನೂ ಕಲಿತವನು ಇಂಗ್ಲಿಷ್ ಬರವಣಿಗೆಯನ್ನೂ ಇತಿಹಾಸದ ವಿಧಾನವನ್ನೂ ಒಟ್ಟಿಗೆ ಕಲಿತಂತೆ.

ಆ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಎಳೆದಿದ್ದ ಕೆಂಪು ಗೆರೆಗಳನ್ನು ಅಳಿಸಿ, ಕಳೆದಿದ್ದ ಅಂಕಗಳನ್ನು ಮರಳಿ ಕೊಟ್ಟೆವು. ಆಕೆ ತಂದ ಛಾಯಾಚಿತ್ರವನ್ನು ಈಗ ಪ್ರತಿವರ್ಷವೂ ಮೊದಲನೆಯ ತರಗತಿಯಲ್ಲಿ ಇತರ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೇವೆ.